ಕೂತವನ ಎದೆ ಓಡಿದಾಗ

ಈ ದೇಶದ ವಿಜ್ಞಾನಕ್ಕೆ ನನ್ನ ಎದೆಯ ಕೊಡುಗೆ ಇದೆ ಎಂದು ಹೇಳಿದರೆ ನಮ್ಮ ಪೇಟೆಯ ಹೋಟೆಲಿನಲ್ಲಿ ಚಹಾ ಕುಡಿಯುವವರು ಲೋಟ ಕೆಳಗಿಟ್ಟು ನಗುತ್ತಾರೆ. ನಗಲಿ. ಅದೇ ಹೋಟೆಲಿನ ಸಕ್ಕರೆ ಡಬ್ಬಿಗೆ ನಾನೊಮ್ಮೆ ಉಪ್ಪು ತುಂಬಿಸಿಟ್ಟದ್ದನ್ನು ಅವರಿನ್ನೂ ಮರೆತಿಲ್ಲ. ಅಂಥವನ ಮಾತನ್ನು ಯಾರು ನಂಬುತ್ತಾರೆ? ಆದರೆ ಸರಕಾರ ನಂಬಿದೆ. ಸರಕಾರದ ಸಮಿತಿಯೊಂದು ನಮ್ಮ ಕುಂಬ್ಡಾಜೆಯ ಗುಡ್ಡ ಹತ್ತಿ ಬಂದು, ಚಾಪೆಯ ಮೇಲೆ ಕೂತು, ನನ್ನ ಎದೆ ಹೇಗೆ ಬಡಿಯುತ್ತದೆ ಎಂದು ನೋಡಿ ಹೋಗಿದೆ. ಹೋಟೆಲಿನವರಲ್ಲಿ ಯಾರ ಎದೆಗೆ ಆ ಯೋಗ ಬಂದಿದೆ, ಹೇಳಲಿ ನೋಡೋಣ.

ಇದಕ್ಕೆಲ್ಲ ಮೂಲ ನನ್ನ ತಂಗಿಯ ಮಗಳು, ನನಗೆ ಸೋದರಸೊಸೆ. ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುವವಳು, ಗಂಡನ ಜೊತೆ ಬಂದ್ಯೋಡಿನಲ್ಲಿ ಮನೆ ಮಾಡಿಕೊಂಡಿದ್ದಾಳೆ. ಅವಳಿಗೆ ಬುದ್ಧಿ ಬಂದದ್ದು ಸೋದರಮಾವನ ಕಡೆಯಿಂದ ಎಂದು ನಾನು ಹೇಳುತ್ತೇನೆ. ಅವಳು ಒಪ್ಪುವುದಿಲ್ಲ. ನಾನು ಪೇಟೆಯಲ್ಲಿ ರೇಡಿಯೋ ರಿಪೇರಿಯ ಅಂಗಡಿ ಇಟ್ಟಿದ್ದವನು. ತಂತಿಯಿಲ್ಲದೆ ಗಾಳಿಯಲ್ಲಿ ಬರುವ ಮಾತನ್ನು ಪೆಟ್ಟಿಗೆಯಲ್ಲಿ ಹಿಡಿದು ಊರಿಗೆಲ್ಲ ಕೇಳಿಸಿದವನು. ಈಗ ವೈರ್‌ಲೆಸ್ ಎಂದು ಯಾರಾದರೂ ದೊಡ್ಡದಾಗಿ ಹೇಳಿದರೆ ನನಗೆ ಒಳಗೊಳಗೇ ನಗು ಬರುತ್ತದೆ.

ಅವಳ ಅಪ್ಪ, ಅಂದರೆ ನನ್ನ ಭಾವ, ಹೋದದ್ದು ಆರಾಮ ಕುರ್ಚಿಯಲ್ಲಿ. ಬೆಳಗ್ಗೆ ಪೇಪರ್ ಹಿಡಿದು ಕೂತಿದ್ದರು. ಮನೆಯವರೆಲ್ಲ ಸುತ್ತಮುತ್ತ ಓಡಾಡುತ್ತಲೇ ಇದ್ದರು. ಇವತ್ತು ಭಾರೀ ಹೊತ್ತು ಓದುತ್ತಿದ್ದಾರೆ ಎಂದುಕೊಂಡರು. ಮೈ ಅಲುಗದೆ ಕೂತಿತ್ತು, ಎದೆ ಒಳಗೆ ಓಡುತ್ತಿತ್ತು. ಪೇಪರ್ ಕೈಯಿಂದ ಜಾರಿದ ಮೇಲೆಯೇ ಎಲ್ಲರಿಗೂ ತಿಳಿದದ್ದು. ಅಂದಿನಿಂದ ಅವಳ ತಲೆಯಲ್ಲಿ ಒಂದೇ ಯೋಚನೆ: ಸುಮ್ಮನೆ ಕೂತವರ ಎದೆ ಓಡಿದರೆ ಅದನ್ನು ಹೊರಗಿನವರಿಗೆ ಹೇಳುವ ಒಂದು ಯಂತ್ರ ಬೇಕು.

ಇಂಥ ಯಂತ್ರ ಮಾಡಲು ಸರಕಾರ ಸಂಶೋಧನೆಗೆ ಅನುದಾನ ಕೊಡುತ್ತದೆ. ಮೊದಲ ಸಲ ಅರ್ಜಿ ಹಾಕಿದಾಗ ಬಂದ ಉತ್ತರ, ಎದೆಬಡಿತ ನೋಡುವ ವಾಚುಗಳು ಈಗಾಗಲೇ ಇವೆಯಲ್ಲ, ಇನ್ನೊಂದು ಯಾಕೆ, ಎಂದು. ಅವತ್ತು ನಮ್ಮ ಮನೆಗೆ ಬಂದು ಜಗಲಿಯಲ್ಲಿ ಮುಖ ಊದಿಸಿ ಕೂತಳು.

"ವಾಚು ಹೇಳಿದ್ದನ್ನು ದಾಟಿಸಲಿಕ್ಕೆ ಫೋನು ಬೇಕು ಮಾವ. ಇಲ್ಲಿ ಫೋನಿಗೆ ರೇಂಜ್ ಎಲ್ಲಿ ಉಂಟು?" ಎಂದಳು.

"ಉಂಟಲ್ಲ, ಬಟ್ಟೆ ಒಗೆಯುವ ಕಲ್ಲಿನ ಮೇಲೆ," ಎಂದೆ ನಾನು. "ನಿನ್ನ ಅತ್ತೆ ದಿನಾ ಅದರ ಮೇಲೆ ಹತ್ತಿಯೇ ಮಾತಾಡುವುದು. ಹಾರ್ಟಿಗೆ ತೊಂದರೆ ಆದವರು ಮೊದಲು ಹೋಗಿ ಕಲ್ಲು ಹತ್ತಬೇಕು ಅಂತ ದೆಹಲಿಯವರಿಗೆ ಬರಿ."

ನಾನು ತಮಾಷೆಗೆ ಹೇಳಿದ್ದು. ಅವಳು ಎದ್ದು ಹೋಗಿ, ನನ್ನ ಹೆಂಡತಿ ಸೀರೆ ಎತ್ತಿ ಸಿಕ್ಕಿಸಿ ಆ ಕಲ್ಲಿನ ಮೇಲೆ ನಿಂತು ಫೋನಿನಲ್ಲಿ ಮಾತಾಡುವ ಫೋಟೊ ತೆಗೆದು ಎರಡನೇ ಅರ್ಜಿಗೆ ಸೇರಿಸಿದಳು. ಅನುದಾನ ಸಿಕ್ಕಿತು. "ನನ್ನ ಒಂದು ಒಳ್ಳೆ ಫೋಟೊ ಇಲ್ಲ ಮಾರಾಯ್ತಿ, ಅದೇ ದೆಹಲಿಗೆ ಹೋಗ್ಬೇಕಿತ್ತಾ?" ಎಂದು ನನ್ನ ಹೆಂಡತಿ ಇವತ್ತಿಗೂ ಕೇಳುತ್ತಾಳೆ.

ಯಂತ್ರ ಎಂದರೆ ನಿಪ್ಪಟ್ಟಿನಷ್ಟು ಅಗಲದ, ಅದಕ್ಕಿಂತ ತೆಳ್ಳಗಿನ ಒಂದು ವಸ್ತು. ಎದೆಗೆ ಅಂಟಿಸಿಕೊಳ್ಳಬೇಕು. ಅವಳು ಪ್ಯಾಚ್ ಎನ್ನುತ್ತಾಳೆ, ನನ್ನ ಹೆಂಡತಿ ಬಿಲ್ಲೆ ಎಂದು ಹೆಸರಿಟ್ಟಳು, ಬಿಲ್ಲೆಯೇ ನಿಂತಿತು. ಎದೆಯ ಬಡಿತ, ಮೈಯ ಬಿಸಿ, ಮೈಯ ಅಲುಗಾಟ, ಮೂರೂ ಅದಕ್ಕೆ ತಿಳಿಯುತ್ತದೆ. ತಿಳಿದದ್ದನ್ನು ನಮ್ಮ ತಾರಸಿಯ ಮೇಲಿನ ಒಂದು ಡಬ್ಬಿಗೆ ಹೇಳುತ್ತದೆ. ನಮ್ಮ ಡಬ್ಬಿ ಎದುರು ಗುಡ್ಡದ ಡಬ್ಬಿಗೆ, ಅದು ಇನ್ನೊಂದಕ್ಕೆ, ಕೊನೆಗೆ ಆರೋಗ್ಯ ಕೇಂದ್ರದ ಸಿಸ್ಟರಿನ ಮೇಜಿಗೆ. ಫೋನೂ ಬೇಡ, ಕಲ್ಲೂ ಬೇಡ. ಮೈ ಕೂತಿದ್ದು ಎದೆ ಮಾತ್ರ ಓಡಿದರೆ ಅಲ್ಲಿ ಗಂಟೆ ಹೊಡೆಯುತ್ತದೆ, ಆಂಬುಲೆನ್ಸ್ ಹೊರಡುತ್ತದೆ.

ಅದನ್ನು ಅಂಟಿಸಿಕೊಂಡು ಓಡಾಡಲು ಗುಡ್ಡದ ಕೆಲವು ಮುದುಕರು ಬೇಕಾಗಿತ್ತು. ಮುದುಕ ಎಂಬುದೊಂದನ್ನು ಬಿಟ್ಟರೆ ಎಲ್ಲ ರೀತಿಯಲ್ಲೂ ನಾನು ತಕ್ಕವನು. ಸಹಿ ಹಾಕುವ ಮೊದಲು ಅವಳು ಒಪ್ಪಿಗೆಯ ಕಾಗದವನ್ನು ಗಟ್ಟಿಯಾಗಿ ಓದಿ ಹೇಳಿದಳು. ಯಾವಾಗ ಬೇಡ ಅನಿಸಿದರೂ, ಕಾರಣ ಹೇಳದೆ, ಬಿಟ್ಟು ಹೋಗಬಹುದು ಎಂದು ಅದರಲ್ಲಿತ್ತು.

"ಮದುವೆಯ ದಿನ ಇಂಥದ್ದೊಂದು ಯಾರೂ ಓದಿ ಹೇಳ್ಲಿಲ್ಲ," ಎಂದೆ.

"ಹೇಳಿದ್ರೆ ನಾನು ಅವತ್ತೇ ಬಸ್ಸು ಹತ್ತುತ್ತಿದ್ದೆ," ಎಂದು ಅಡುಗೆಮನೆಯಿಂದ ಹೆಂಡತಿಯ ದನಿ ಬಂತು. "ಇವರ ಎದೆಯಲ್ಲಿ ಎಂತ ಉಂಟು ಅಂತ ನಾನು ಇಷ್ಟು ವರ್ಷ ಹುಡುಕಿ ಆಗ್ಲಿಲ್ಲ. ನಿನ್ನ ಬಿಲ್ಲೆಗೆ ಸಿಕ್ಕಿದ್ರೆ ನನಗೂ ಹೇಳು ಮಗಳೇ."

ಒಂದು ವಾರ ಮರ್ಯಾದೆಯಿಂದ ಅಂಟಿಸಿಕೊಂಡೆ. ಆಮೇಲೆ ನನ್ನ ಸ್ವಭಾವ ಸುಮ್ಮನಿರಲಿಲ್ಲ. ಒಂದು ಮಧ್ಯಾಹ್ನ ಬಿಲ್ಲೆಯನ್ನು ಕಿತ್ತು, ಹಿತ್ತಿಲ ಬೆಂಚಿನ ಮೇಲಿದ್ದ ಹಲಸಿನಕಾಯಿಗೆ ಅಂಟಿಸಿ, ಸ್ನಾನಕ್ಕೆ ಹೋದೆ. ಮರುದಿನ ಅವಳ ಸ್ಕೂಟರ್ ಅಂಗಳಕ್ಕೆ ಬಂತು.

"ಮಾವ, ನಿನ್ನೆ ಮಧ್ಯಾಹ್ನ ನೀವು ತೀರಿಕೊಂಡಿದ್ರಿ."

"ಹೌದಾ? ನನಗೆ ಯಾರೂ ಹೇಳ್ಲಿಲ್ಲ."

"ಮೈ ತಣ್ಣಗೆ, ಬಡಿತ ಇಲ್ಲ. ಸ್ವಲ್ಪ ಹೊತ್ತು ಬಿಟ್ಟು ಉರುಳಿದ್ರಿ. ಆಮೇಲೆ ಊಟದ ಹೊತ್ತಿಗೆ ಸರಿಯಾಗಿ ಜೀವ ಬಂತು." ಅವಳು ಹಿತ್ತಿಲಿಗೆ ಹೋಗಿ, ಬೆಂಚಿನಿಂದ ಕೆಳಗೆ ಬಿದ್ದಿದ್ದ ಹಲಸಿನಕಾಯಿಯನ್ನು ಎತ್ತಿ ತಂದು ನನ್ನ ಎದುರಿಗಿಟ್ಟಳು. "ಇದಕ್ಕೂ ಒಪ್ಪಿಗೆಯ ಕಾಗದ ಓದಿ ಹೇಳ್ಬೇಕಿತ್ತು ನಾನು."

ಅವಳಿಗೆ ಸಿಟ್ಟು ಬಂದಿತ್ತು, ನಗುವೂ ಬಂದಿತ್ತು. ಆದರೆ ಆ ವಾರವೇ ಬಿಲ್ಲೆಯ ಬುದ್ಧಿ ತಿದ್ದಿದಳು. ಮೈಯ ಬಿಸಿ ಸಿಗದಿದ್ದರೆ "ಕಳಚಿದೆ" ಎಂದು ಹೇಳಲು ಅದು ಕಲಿಯಿತು. ಅಂದರೆ ಮೊದಲ ಸುಧಾರಣೆ ನನ್ನದು ಮತ್ತು ಹಲಸಿನಕಾಯಿಯದು.

ನಿಜವಾದ ಫಜೀತಿ ಆದದ್ದು ತಾಳಮದ್ದಳೆಯಲ್ಲಿ. ನಮ್ಮ ಕಡೆ ಅದಿಲ್ಲದೆ ಭಾನುವಾರ ಇಲ್ಲ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹೇಳುತ್ತಾರೆ, ಮದ್ದಳೆ ನುಡಿಯುತ್ತದೆ, ನಾವು ಅರ್ಥಧಾರಿಗಳು ಎದುರುಬದುರು ಕೂತು ಪಾತ್ರವಾಗಿ ವಾದ ಮಾಡುತ್ತೇವೆ. ಕೂತಲ್ಲೇ ಯುದ್ಧ, ಕೂತಲ್ಲೇ ಸಂಧಾನ. ನಾನು ಅರ್ಥ ಹೇಳುವುದರಲ್ಲಿ ಹುಲಿ. ನನ್ನ ಎದುರಿಗೆ ಕೂರುವ ಧೈರ್ಯ ಇರುವವರು ಪಕ್ಕದ ಗುಡ್ಡದ ನಿವೃತ್ತ ಹೆಡ್‌ಮಾಷ್ಟ್ರು ಒಬ್ಬರೇ. ಅವರಿಗೆ ಹುಲಿ ಎಂದರೂ ಬೆಕ್ಕು ಎಂದರೂ ಒಂದೇ ಮುಖ. ನಾನು ಬೆವರು ಸುರಿಸಿ ಕೂಗಿದರೆ ಅವರು ಕಣ್ಣು ಮುಚ್ಚಿ, ತುಟಿಯಲ್ಲಿ ಸಣ್ಣ ನಗು ಇಟ್ಟುಕೊಂಡು ಕೇಳುತ್ತಾರೆ. ಆ ನಗು ನೋಡಿಯೇ ನನ್ನ ಅರ್ಧ ಜೀವಮಾನ ಉರಿದುಹೋಗಿದೆ.

ಭಜನಾ ಮಂದಿರದ ಮಾಡಿನ ಮೇಲೂ ಒಂದು ಡಬ್ಬಿ ಇತ್ತು. ಅವತ್ತು ಅಲ್ಲಿ ನನಗೆ ರಾಜನ ಪಾತ್ರ, ಅವರಿಗೆ ರಾಜನಲ್ಲಿ ನ್ಯಾಯ ಕೇಳಲು ಬಂದ ದೂತನ ಪಾತ್ರ. ನಾನು ಸಿಂಹಾಸನ ಬಿಟ್ಟಿಳಿಯುವವನಲ್ಲ ಎಂದು ಏರಿದ ದನಿಯಲ್ಲಿ ಹೇಳುತ್ತಿದ್ದಾಗ ಹೊರಗೆ ಸೈರನ್ ಕೇಳಿತು. ಮದ್ದಳೆ ನಿಂತಿತು. ಇಬ್ಬರು ಸ್ಟ್ರೆಚರ್ ಹಿಡಿದು ಒಳಗೆ ನುಗ್ಗಿದರು.

"ಪೇಶೆಂಟ್ ಎವಿಡೆ?" ರೋಗಿ ಎಲ್ಲಿ ಎಂದು ಮಲಯಾಳದಲ್ಲಿ ಕೇಳಿದ ಆಂಬುಲೆನ್ಸಿನ ಡ್ರೈವರ್.

ಮಾಷ್ಟ್ರು ಕಣ್ಣು ಬಿಟ್ಟು ನನ್ನ ಕಡೆ ಕೈ ತೋರಿಸಿದರು. "ರಾಜ. ಅಲ್ಲಿ ಕೂತಿದ್ದಾನೆ. ಬೇಗ ಕೊಂಡುಹೋಗಿ ಮಾರಾಯ್ರೆ, ನನ್ನ ವಾದ ಸೋಲುವ ಹಾಗೆ ಉಂಟು."

"ದೂತನೇ, ನನ್ನನ್ನು ಎಬ್ಬಿಸಲು ಹೊರುವವರನ್ನೇ ತಂದೆಯಾ?" ಎಂದು ನಾನು ಪಾತ್ರ ಬಿಡದೆ ಹೇಳಿದೆ. ಸಭೆ ಬಿದ್ದು ಬಿದ್ದು ನಕ್ಕಿತು. ಡ್ರೈವರ್ ನನ್ನ ನಾಡಿ ಹಿಡಿದು, ತಲೆ ಕೆರೆದು, ಬಾಗಿಲ ಹತ್ತಿರ ಕೂತು ಉಳಿದ ಪ್ರಸಂಗ ಕೇಳಿಯೇ ಹೋಗುತ್ತೇನೆ ಎಂದ. ಅಷ್ಟರಲ್ಲಿ ಸ್ಟ್ರೆಚರಿನ ಇನ್ನೊಂದು ತುದಿ ಹಿಡಿದವನು ಅವನನ್ನು ಎಬ್ಬಿಸಿದ.

ನನ್ನ ಸೊಸೆ ನಗಲಿಲ್ಲ. ಬಿಲ್ಲೆ ತಪ್ಪು ಮಾಡಿರಲಿಲ್ಲ. ಮೈ ಕೂತಿದೆ, ಎದೆ ಓಡುತ್ತಿದೆ ಎಂದು ಅದು ಕಲಿತದ್ದನ್ನೇ ಹೇಳಿತ್ತು. ಆದರೆ ಮರುದಿನ ಆರೋಗ್ಯ ಕೇಂದ್ರದ ಡಾಕ್ಟರು ಅವಳನ್ನು ಕರೆದು ಕೇಳಿದರಂತೆ, ಆಂಬುಲೆನ್ಸ್ ರಾಜನನ್ನು ನೋಡಲು ಹೋದ ಹೊತ್ತಿಗೆ ನಿಜವಾಗಿ ಯಾರಿಗಾದರೂ ಬೇಕಾಗಿದ್ದರೆ ಏನು ಮಾಡುತ್ತಿದ್ದಿರಿ, ಎಂದು. ಇದು ಸರಿಯಾಗುವವರೆಗೆ ಆ ಗಂಟೆಗೆ ನಾವು ಓಗೊಡುವುದಿಲ್ಲ ಎಂದೂ ಹೇಳಿದರಂತೆ. ಮಳೆಗಾಲಕ್ಕೆ ಮೊದಲು ಅನುದಾನದ ಸಮಿತಿ ಬರುವುದಿತ್ತು. ಅವರು ನೋಡಿ ಒಪ್ಪಿದರೆ ಮಾತ್ರ ಎರಡನೇ ಹಂತ. ಒಪ್ಪದಿದ್ದರೆ ಡಬ್ಬಿಗಳು ಗುಡ್ಡದಿಂದ ಇಳಿಯಬೇಕು, ಬಿಲ್ಲೆ ಕಾಲೇಜಿನ ಯಾವುದೋ ಕಪಾಟಿಗೆ ಸೇರಬೇಕು.

"ಒಬ್ಬನನ್ನು ಬಿಟ್ಟುಬಿಡು ಮಗಳೇ," ಎಂದರು ಮಾಷ್ಟ್ರು, ನಮ್ಮ ಜಗಲಿಯಲ್ಲಿ. "ಉಳಿದ ಮುದುಕರೆಲ್ಲ ಸರಿ ಇದ್ದಾರಲ್ಲ. ಇವನು ಒಬ್ಬ ಎಡವಟ್ಟು."

ನಾನೂ ಹೂಂ ಎಂದೆ. ಕಾರಣ ಹೇಳದೆ ಬಿಟ್ಟು ಹೋಗಬಹುದು ಎಂದು ಕಾಗದದಲ್ಲೇ ಇತ್ತಲ್ಲ.

"ಬಿಟ್ರೆ ಸುಳ್ಳಾಗ್ತದೆ," ಎಂದಳು ಅವಳು. "ಇವತ್ತು ಮಾವ. ನಾಳೆ ಒಬ್ಬರು ಕ್ರಿಕೆಟ್ ನೋಡ್ತಾ ಕೂತಿರ್ತಾರೆ. ನಮ್ಮ ಜನ ಕೂತಲ್ಲಿ ಸುಮ್ಮನೆ ಕೂತುಕೊಳ್ತಾರಾ ಮಾಷ್ಟ್ರೇ? ಕೂತವರನ್ನು ನೋಡ್ಲೇಬೇಡ ಅಂತ ಬಿಲ್ಲೆಗೆ ಹೇಳ್ಲಿಕ್ಕೂ ಆಗುವುದಿಲ್ಲ. ಅಪ್ಪ ಕೂತೇ ಇದ್ದದ್ದು."

ನಾನು ಎದ್ದು ಹೋಗಿ ಅಂಗಿ ಕಳಚಿ, ಎದೆ ಬೋಳಿಸಿಕೊಂಡು ಬಂದು, "ಅಂಟಿಸು," ಎಂದೆ. "ಎಷ್ಟು ಜಗಳ ಬೇಕು ಹೇಳು, ಮಾಡಿ ಕೊಡುವ."

ಹಾಗೆ ಶುರುವಾಯಿತು ಸರಕಾರದ ಅನುದಾನದ ಜಗಳ. ಸಂಜೆ ಹೊತ್ತಿಗೆ ಮಾಷ್ಟ್ರು ಗುಡ್ಡ ಇಳಿದು ಬರುತ್ತಿದ್ದರು. ಅವರ ಎದೆಗೂ ಒಂದು ಬಿಲ್ಲೆ. ಅವಳು ಲ್ಯಾಪ್‌ಟಾಪ್ ಇಟ್ಟುಕೊಂಡು ಮೆಟ್ಟಿಲ ಮೇಲೆ ಕೂರುತ್ತಿದ್ದಳು. ರಾಜ ಮತ್ತು ದೂತ ಮುಗಿದ ಮೇಲೆ ಪಂಚಾಯತಿನ ರಸ್ತೆ, ಅದಾದ ಮೇಲೆ ಹೋಳಿಗೆಗೆ ಕಡಲೆಬೇಳೆ ಒಳ್ಳೆಯದೋ ತೆಂಗಿನಕಾಯಿಯೋ ಎಂಬ ವಿಷಯ. ಎಲ್ಲಕ್ಕಿಂತ ಹೆಚ್ಚು ನನ್ನ ಎದೆ ಓಡಿದ್ದು ಹೋಳಿಗೆಗೆ.

ಮಾತಾಡುವಾಗ ಎದೆಗೂಡು ನಡುಗುತ್ತದೆ, ಅದು ಬಿಲ್ಲೆಗೆ ತಿಳಿಯುತ್ತದೆ. ಆದ್ದರಿಂದ ಎದೆ ಓಡಿದರೂ ಮನುಷ್ಯ ಮಾತಾಡುತ್ತಿದ್ದರೆ ಸುಮ್ಮನಿರು ಎಂದು ಅವಳು ಅದಕ್ಕೆ ಕಲಿಸಿದಳು. ನಾನು ಎಷ್ಟು ಅಬ್ಬರಿಸಿದರೂ ಬಿಲ್ಲೆ ತಣ್ಣಗೆ ಕೂತಿತು. ಗೆದ್ದೆವು ಎಂದುಕೊಂಡೆವು. ಒಂದು ಸಂಜೆ ನಾನು ಒಳ್ಳೆಯ ಹದಕ್ಕೆ ಬಂದು ದೂತನನ್ನು ಮೂದಲಿಸುತ್ತಿದ್ದೆ. ಅವಳ ಲ್ಯಾಪ್‌ಟಾಪಿನಲ್ಲಿ ಗಂಟೆ ಹೊಡೆಯಿತು. ನಾನು ನಿಲ್ಲಿಸಿದೆ. ಅವಳು ಪರದೆ ನೋಡಿದಳು, ನನ್ನನ್ನು ನೋಡಲಿಲ್ಲ, ಮಾಷ್ಟ್ರನ್ನು ನೋಡಿದಳು.

"ಮಾಷ್ಟ್ರೇ, ನಿಮ್ಮದು."

ಅವರು ಕಣ್ಣು ಮುಚ್ಚಿ, ಅದೇ ಸಣ್ಣ ನಗು ಇಟ್ಟುಕೊಂಡು ಕೂತಿದ್ದರು. "ನನಗೆ ಎಂತ ಆಗಿದೆ? ಆರಾಮ ಇದ್ದೇನಲ್ಲ."

"ನೀವು ಆರಾಮ ಇದ್ದೀರಿ. ನಿಮ್ಮ ಎದೆ ಗುಡ್ಡ ಹತ್ತುತ್ತಾ ಉಂಟು. ಈಗ ಎಂತ ಯೋಚನೆ ಮಾಡ್ತಿದ್ರಿ?"

ಮಾಷ್ಟ್ರು ಸ್ವಲ್ಪ ಹೊತ್ತು ಚಾವಣಿ ನೋಡಿದರು. "ಇವನಿಗೆ ಎಂತ ಉತ್ತರ ಕೊಡುವುದು ಅಂತ," ಎಂದರು.

ಆ ಸಂಜೆ ನನ್ನ ಜೀವನದ ಹಬ್ಬ. ಇಷ್ಟು ವರ್ಷ ಆ ನಗುವಿನ ಹಿಂದೆ ಅವರು ನನಗೆ ಹೆದರುತ್ತಿದ್ದರು ಎಂಬುದನ್ನು ವಿಜ್ಞಾನವೇ ಹೇಳಿದೆ. ಪರದೆಯಲ್ಲಿ ಓಡಿದ ಅವರ ಎದೆಬಡಿತದ ಗೆರೆಯನ್ನು ಅಚ್ಚು ಹಾಕಿಸಿ ಕೊಡು, ಗಾಜು ಹಾಕಿಸಿ ಮಂದಿರದಲ್ಲಿ ತೂಗುಹಾಕುತ್ತೇನೆ ಎಂದು ಕೇಳಿದೆ. ಅವಳು ಕೊಡಲಿಲ್ಲ. ಒಬ್ಬರ ಎದೆಯ ವಿಷಯ ಇನ್ನೊಬ್ಬರಿಗೆ ಕೊಡುವಂತಿಲ್ಲವಂತೆ.

ಆದರೆ ಅವಳ ಕೆಲಸ ಮತ್ತೆ ಮೊದಲಿಗೆ ಬಂದು ನಿಂತಿತ್ತು. ಮಾತಾಡುವವನನ್ನು ಗುರುತಿಸಬಹುದು. ಮಾತಾಡದೆ, ಅಲುಗದೆ, ಒಳಗೇ ವಾದ ಮಾಡುವವನನ್ನು ಹೇಗೆ ಗುರುತಿಸುವುದು? ಅವನಿಗೂ ಆರಾಮ ಕುರ್ಚಿಯ ಭಾವನಿಗೂ ಹೊರಗಿನಿಂದ ವ್ಯತ್ಯಾಸ ಏನು? ಕೆಲವು ದಿನ ಅವಳು ಬರಲಿಲ್ಲ. ನಾನು ಕಲ್ಲಿನ ಮೇಲೆ ಹತ್ತಿ ಫೋನು ಮಾಡಿ, ರೇಡಿಯೋಗೆ ಹೀಗಾದರೆ ಅರ್ಥಿಂಗ್ ಸರಿ ಮಾಡಬೇಕು ಎಂದು ಸಲಹೆ ಕೊಟ್ಟೆ. ಅವಳು ಬಹಳ ಮರ್ಯಾದೆಯಿಂದ ಫೋನು ಇಟ್ಟಳು.

ಆಮೇಲೆ ಒಂದು ಬೆಳಗ್ಗೆ ಬಂದು ಲ್ಯಾಪ್‌ಟಾಪ್ ತೆರೆದು ನನ್ನ ಮತ್ತು ಮಾಷ್ಟ್ರ ಗೆರೆಗಳನ್ನು ತೋರಿಸಿದಳು. ಪಕ್ಕದಲ್ಲಿ, ಆಸ್ಪತ್ರೆಯ ರೋಗಿಗಳು ಒಪ್ಪಿ ಕೊಟ್ಟ ಗೆರೆಗಳು.

"ಎಷ್ಟು ಜೋರು ಓಡ್ತದೆ ಅಂತ ನಾನು ನೋಡ್ತಾ ಇದ್ದೆ ಮಾವ. ಹೇಗೆ ಏರ್ತದೆ ಅಂತ ನೋಡ್ಬೇಕಿತ್ತು. ನಿಮ್ಮದು ನೋಡಿ, ಸ್ವಲ್ಪ ಸ್ವಲ್ಪವೇ ಏರ್ತದೆ. ಉಸಿರಿನ ಜೊತೆ ಏರಿ ಇಳಿದು ಹೋಗ್ತದೆ."

"ಮದ್ದಳೆಯ ಹಾಗೆ," ಎಂದೆ. "ನಿಧಾನದಿಂದ ಜೋರಿಗೆ ಹೋಗುವಾಗ ಬಾರಿಸುವವನು ಒಮ್ಮೆಲೇ ಹಾರುವುದಿಲ್ಲ. ಪದವನ್ನು ಹಿಡಿದುಕೊಂಡು ಹೋಗ್ತಾನೆ."

"ಹೌದು. ಇದು ನೋಡಿ, ರೋಗಿಯದ್ದು." ಆ ಗೆರೆ ಸಮವಾಗಿ ಬರುತ್ತಾ ಇದ್ದದ್ದು ಒಂದೇ ನೆಗೆತಕ್ಕೆ ಮೇಲೆ ಹೋಗಿ, ಅಲ್ಲಿ ತಾಳ ತಪ್ಪಿ ಓಡುತ್ತಿತ್ತು. ಅವಳು ಅದರ ಮೇಲೆ ಬೆರಳಿಟ್ಟಳು. "ಅಪ್ಪನದ್ದು ಹೀಗೆ ಹಾರಿರ್ಬೇಕು," ಎಂದಳು.

ಬೆರಳು ತೆಗೆದು ಲ್ಯಾಪ್‌ಟಾಪ್ ಮುಚ್ಚಿದಳು. ಆಮೇಲೆ ನಾನು ಕೇಳಿದೆ, "ಮದ್ದಳೆಯ ವಿಷಯ ವರದಿಯಲ್ಲಿ ಬರಿತೀಯಲ್ಲ?"

"ಇಲ್ಲ ಮಾವ, ಅದಕ್ಕೆ ಲೆಕ್ಕದಲ್ಲಿ ಬೇರೆ ಹೆಸರು ಉಂಟು. ನಾನು ಮೊನ್ನೆಯೇ ಬರೆದಾಯ್ತು."

"ಮದ್ದಳೆ ಅಂತ ತಿದ್ದು," ಎಂದೆ. ತಿದ್ದಿಲ್ಲ ಎಂದು ಕಾಣುತ್ತದೆ. ಆದರೆ ಎದೆ ಹೀಗೆ ಒಮ್ಮೆಲೇ ಹಾರಿದರೆ ಮಾತ್ರ ಕೂಗು ಎಂದು ಬಿಲ್ಲೆಗೆ ಕಲಿಸಿದಳು.

ಸಮಿತಿ ಬಂತು. ಬೆಳಗ್ಗೆ ವಿದ್ಯಾನಗರದಲ್ಲಿ ಆರೋಗ್ಯ ಇಲಾಖೆಯವರ ಜೊತೆ ಮೀಟಿಂಗ್ ಮುಗಿಸಿ, ಮಧ್ಯಾಹ್ನ ಜೀಪಿನಲ್ಲಿ ಭಜನಾ ಮಂದಿರಕ್ಕೆ ಬಂದರು. ಮುಖ್ಯಸ್ಥರು ಮೈಸೂರು ಕಡೆಯ ಹಿರಿಯ ಡಾಕ್ಟರು. ಅವರ ಮುಖ ನೋಡಿ ಮಾಷ್ಟ್ರು ನನ್ನ ಕಿವಿಯಲ್ಲಿ, "ನನಗೊಬ್ಬ ಗುರು ಸಿಕ್ಕಿದ," ಎಂದರು. ಕಲ್ಲಿನಲ್ಲಿ ಕಡೆದ ಹಾಗಿತ್ತು ಆ ಮುಖ.

"ಸುಮ್ಮನಿರೋದನ್ನ ಚೆನ್ನಾಗಿ ಕಲಿಸಿದೀರಮ್ಮ," ಎಂದರು ಅವರು, ಅವಳ ವರದಿಯನ್ನು ಮಡಚಿ, ನನ್ನ ಸೊಸೆಗೆ. "ಕೂಗಬೇಕಾದಾಗ ಕೂಗುತ್ತಾ?"

ಅವಳು ಆಸ್ಪತ್ರೆಯ ಗೆರೆಗಳನ್ನು ಒಂದೊಂದಾಗಿ ಯಂತ್ರಕ್ಕೆ ಕೊಟ್ಟಳು. ಗಂಟೆ ಹೊಡೆಯಿತು, ಪ್ರತಿ ಸಲವೂ. ಅವರು ತಲೆಯಾಡಿಸಿದರು, ಒಪ್ಪಿಗೆಯೋ ಸಂಶಯವೋ ತಿಳಿಯಲಿಲ್ಲ. "ಇವರಿಬ್ಬರ ಮೇಲೇ ಕಲಿತಿದೆ, ಇವರ ಮುಂದೆ ಸುಮ್ಮನಿರುತ್ತೆ. ಹೊಸಬರಿಗೆ? ನನಗೆ ಹಾಕಿ ನೋಡೋಣ," ಎಂದರು. ಅವರ ಎದೆಗೆ ಬಿಲ್ಲೆ ಅಂಟಿತು. ಪರದೆಯಲ್ಲಿ ಅವರ ಗೆರೆ ಅವರ ಮುಖದಷ್ಟೇ ಸಪಾಟಾಗಿತ್ತು.

ಈ ದಿನ ಒಂದು ಚೇಷ್ಟೆಯೂ ಮಾಡುವುದಿಲ್ಲ ಎಂದು ಹೆಂಡತಿಗೆ ಮಾತು ಕೊಟ್ಟು ಬಂದಿದ್ದೆ. ಆದರೆ ಅದು ನಾನು ಕೊಟ್ಟ ಮಾತು, ರಾಜ ಕೊಟ್ಟದ್ದಲ್ಲ. ದೂತ ತನ್ನ ಬೇಡಿಕೆ ಮಂಡಿಸಿದ. ರಾಜ ಅಬ್ಬರಿಸಿದ. ಬಿಲ್ಲೆಗಳು ಸುಮ್ಮನಿದ್ದವು. ಆಗ ನಾನು ದೂತನನ್ನು ಬಿಟ್ಟು ಸಭೆಯ ಕಡೆ ತಿರುಗಿದೆ. ತಾಳಮದ್ದಳೆಯಲ್ಲಿ ರಾಜ ಸಭೆಯನ್ನು ಕೇಳುವುದುಂಟು, ಸಭೆ ಉತ್ತರ ಕೊಡುವ ಪದ್ಧತಿ ಇಲ್ಲ. ಅದು ಹೊರಗಿನಿಂದ ಬಂದವರಿಗೆ ಗೊತ್ತಿರುವುದಿಲ್ಲ.

"ಬೇಡಲು ಬಂದವರು ಎದುರಿಗಿದ್ದಾರೆ," ಎಂದೆ, ಡಾಕ್ಟರ ಕಣ್ಣಲ್ಲಿ ಕಣ್ಣಿಟ್ಟು. "ಕೇಳುವುದು ತಮಗಾಗಿ ಅಲ್ಲ, ಗುಡ್ಡದ ಮೇಲೆ ಕೂತ ಮುದುಕರಿಗಾಗಿ. ಕೊಡಬೇಕೋ ಬೇಡವೋ? ಈ ಸಭೆಯ ಹಿರಿಯರೇ ನುಡಿಯಲಿ."

ಸುಮ್ಮನಾದೆ. ಭಾಗವತರು ತಾಳ ಎತ್ತಿದವರು ಹಾಗೆಯೇ ಹಿಡಿದರು. ಎಲ್ಲರೂ ಡಾಕ್ಟರನ್ನು ನೋಡಿದರು. ಕಲ್ಲು ಕಲ್ಲಾಗಿಯೇ ಕೂತಿತ್ತು. ನನ್ನ ಸೊಸೆ ಮಾತ್ರ ಪರದೆ ನೋಡುತ್ತಿದ್ದಳು, ಕೈಬೆರಳು ಹಿಸುಕಿಕೊಂಡು. ಅಲ್ಲಿ ಅವರ ಗೆರೆ ಏರುತ್ತಿತ್ತು, ಇನ್ನೂ ಏರುತ್ತಿತ್ತು. ಬಿಲ್ಲೆ ಕೂಗಲಿಲ್ಲ.

"ರಾಜಾ, ಹಿರಿಯರ ಮೌನವನ್ನು ಒಪ್ಪಿಗೆ ಅಂತ ತಿಳಿಯಲೋ, ಬೇಸರ ಅಂತ ತಿಳಿಯಲೋ?" ಎಂದು ಮಾಷ್ಟ್ರು ಕೊನೆಗೆ ಕಾಪಾಡಿದರು. ಸಭೆ ನಕ್ಕಿತು, ತಾಳ ಬಿತ್ತು.

ಮುಗಿದ ಮೇಲೆ ಅವಳು ಲ್ಯಾಪ್‌ಟಾಪನ್ನು ಡಾಕ್ಟರ ಕಡೆ ತಿರುಗಿಸಿದಳು. ಅವರು ಕನ್ನಡಕ ಹಾಕಿ ನೋಡಿದರು.

"ಇದು ನಂದಾ? ನಾನು ಆರಾಮಾಗಿ ಕೂತಿದ್ದೆನಲ್ಲ."

"ಹೌದು ಸರ್. ಎಲ್ಲರೂ ಹಾಗೆಯೇ ಹೇಳ್ತಾರೆ," ಎಂದಳು ಅವಳು, ಮಾಷ್ಟ್ರ ಕಡೆ ನೋಡದೆ.

ಆಗ ಆ ಕಲ್ಲು ನಕ್ಕಿತು. ತೀರ್ಮಾನ ಅಲ್ಲಿ ಹೇಳುವಂತಿರಲಿಲ್ಲ, ಅದು ಮೇಲಿನಿಂದ ಬರಬೇಕು. ಜೀಪು ಹತ್ತುವಾಗ ಅವರು ನನ್ನನ್ನು ಕೇಳಿದರು, "ಕೊನೆಗೆ ರಾಜ ಕೊಡ್ತಾನೋ ಇಲ್ವೋ?"

"ಕಥೆಯಲ್ಲಿ ಕೊಡುವುದಿಲ್ಲ," ಎಂದೆ. "ಇವತ್ತಿನದ್ದು ನೀವು ಹೇಳಿದ ಹಾಗೆ."

ಮಳೆ ಹಿಡಿದ ಮೇಲೆ ಸುದ್ದಿ ಬಂತು. ಎರಡನೇ ಹಂತ ಸಿಕ್ಕಿದೆ, ಆದರೆ ಇನ್ನೂ ಹೆಚ್ಚು ಮನೆಗಳಲ್ಲಿ, ಇನ್ನೂ ಹಲವು ಬಗೆಯಲ್ಲಿ ಕೂರುವವರ ಮೇಲೆ, ಹೆಂಗಸರ ಮೇಲೂ ನೋಡಬೇಕು ಎಂದು. ಆರೋಗ್ಯ ಕೇಂದ್ರದವರು ಗಂಟೆಯನ್ನು ಮತ್ತೆ ಕೇಳಿಸಿಕೊಳ್ಳಲು ಒಪ್ಪಿದರು. ಆ ಮಳೆಗಾಲದಲ್ಲಿ ಅದು ಒಮ್ಮೆ ಹೊಡೆಯಿತು. ಎದುರು ಗುಡ್ಡದ ಒಬ್ಬ ಅಜ್ಜಿ, ಅಕ್ಕಿ ಆರಿಸುತ್ತಾ ಕೂತಿದ್ದವರು. ಆಂಬುಲೆನ್ಸಿನ ಅದೇ ಡ್ರೈವರ್ ಹೋದ. ಈಗ ಅವರು ಮಾತ್ರೆ ನುಂಗಿಕೊಂಡು, ಬಸಳೆ ಚಪ್ಪರದ ಕೆಳಗೆ ಕೂತು ಸೊಸೆಯಂದಿರಿಗೆ ಬೈಯುತ್ತಾರೆ. ಬೈಯುವಾಗ ಬಿಲ್ಲೆ ಸುಮ್ಮನಿರುತ್ತದೆ.

ವರದಿಯಲ್ಲಿ ನನ್ನ ಹೆಸರಿಲ್ಲ. ಯಾರ ಹೆಸರನ್ನೂ ಹಾಕುವಂತಿಲ್ಲ, ನಿಯಮ. "ಒಬ್ಬ ಹಿರಿಯ ಪುರುಷ" ಎಂದಿದೆಯಂತೆ. ಹೋಟೆಲಿನವರು ಅದಕ್ಕೇ ನಂಬುವುದಿಲ್ಲ.

ಈಗ ನನ್ನ ಹೆಂಡತಿಯೂ ಬಿಲ್ಲೆ ಅಂಟಿಸಿಕೊಂಡಿದ್ದಾಳೆ. ಮೊನ್ನೆ ನಾನು ಸಮಿತಿ ಬಂದ ಕಥೆಯನ್ನು ನೆಂಟರಿಗೆ ಹೇಳುತ್ತಿದ್ದೆ. ಡಾಕ್ಟರ ಗೆರೆ ಏರಿದ ಭಾಗ ಬರುವಾಗ ನೆಂಟರೆಲ್ಲ ಉಸಿರು ಬಿಗಿಹಿಡಿದಿದ್ದರು. ಸೊಸೆ ಪರದೆ ನೋಡಿ ಕಿಸಕ್ಕೆಂದಳು.

"ಎಂತ?" ಎಂದೆ.

"ಮಾವ, ನೀವು ಇದನ್ನು ಹೇಳುವಾಗ ಅತ್ತೆಯ ಎದೆ ನಿದ್ದೆಯಲ್ಲಿ ಇದ್ದ ಹಾಗೆ ಉಂಟು."

"ಎಷ್ಟನೇ ಸಲ ಕೇಳುವುದು ಮಗಳೇ," ಎಂದಳು ಹೆಂಡತಿ, ಚಕ್ಕುಲಿಯ ತಟ್ಟೆಯನ್ನು ನೆಂಟರ ಕಡೆ ತಳ್ಳಿ. ಆಮೇಲೆ ನನ್ನ ಕಡೆ ನೋಡಿ, "ನಿಲ್ಲಿಸಿದ್ದು ಯಾಕೆ? ಹೇಳಿ, ಅವರಿಗೆ ಕಥೆ ಮುಗೀಲಿಲ್ಲ," ಎಂದಳು.